ಮನೆಯಲ್ಲಿ ಗಡಿಯಾರವಿಲ್ಲ, ಗಿರಣಿಗೆ ತಡವಾಗುವಂತಿಲ್ಲ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗ ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳನ್ನೂ ಗಿರಣಿಗಳಲ್ಲಿ ದುಡಿಸುತ್ತಿದ್ದರು ಎಂದು ಹೇಳಿದೆ. ಮಕ್ಕಳು ಅಷ್ಟಕ್ಕೆ ಬಿಡಲಿಲ್ಲ. ಅವರು ಎಷ್ಟು ಹೊತ್ತಿಗೆ ಏಳುತ್ತಿದ್ದರು, ಏನು ತಿನ್ನುತ್ತಿದ್ದರು, ಆಟವನ್ನೇ ಆಡುತ್ತಿರಲಿಲ್ಲವೇ, ಅಪ್ಪ ಅಮ್ಮ ಹೇಗೆ ಕಳಿಸಿದರು ಎಂದೆಲ್ಲ ಕೇಳಿದರು. ಕೊನೆಗೆ ಒಬ್ಬ ಹುಡುಗ, "ನಾವೂ ಹೊಲದಲ್ಲಿ ಕೆಲಸ ಮಾಡುತ್ತೇವಲ್ಲ ಟೀಚರ್, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?" ಎಂದ. ಇವಕ್ಕೆ ನಾನು ಏನು ಹೇಳಲಿ?

ಉತ್ತರ: ನಿಮ್ಮ ವಿದ್ಯಾರ್ಥಿಯ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ತೂಕದ್ದು. ಅದರಿಂದಲೇ ಶುರುಮಾಡುತ್ತೇನೆ.

ಗಿರಣಿಗಳು ಬರುವ ಮೊದಲು ಇಂಗ್ಲೆಂಡಿನ ಹಳ್ಳಿಯ ಮಕ್ಕಳು ಸುಮ್ಮನೆ ಕುಳಿತಿರಲಿಲ್ಲ. ಬಿತ್ತಿದ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದರು, ಕಲ್ಲು ಆಯುತ್ತಿದ್ದರು, ದನ ಕಾಯುತ್ತಿದ್ದರು. ನೇಕಾರರ ಮನೆಗಳಲ್ಲಿ ಐದಾರು ವರ್ಷದ ಮಕ್ಕಳು ಹತ್ತಿ ಹಿಂಜುತ್ತಿದ್ದರು, ಕಂಡಿಕೆ ಸುತ್ತುತ್ತಿದ್ದರು. ಆ ಬದುಕೇನೂ ಸುಖದ್ದಾಗಿರಲಿಲ್ಲ. ಅಲ್ಲೂ ಹಸಿವಿತ್ತು, ಅಪ್ಪನ ಹೊಡೆತವಿತ್ತು. ಆದರೆ ಅಲ್ಲಿ ಕೆಲಸದ ಓಟವನ್ನು ಮನೆಯವರೇ ನಿರ್ಧರಿಸುತ್ತಿದ್ದರು. ಮಳೆ ಬಂದರೆ ಕೆಲಸ ನಿಲ್ಲುತ್ತಿತ್ತು, ಮಗುವಿಗೆ ಜ್ವರ ಬಂದರೆ ಮಲಗಲು ಜಾಗವಿತ್ತು, ಸಂತೆಯ ದಿನ ಯಾರೂ ಮಗ್ಗದ ಮುಂದೆ ಕೂರುತ್ತಿರಲಿಲ್ಲ. ಗಿರಣಿ ತಂದ ಬದಲಾವಣೆ ಇಲ್ಲಿದೆ. ನೀರಿನ ಚಕ್ರವೋ ಉಗಿಯಂತ್ರವೋ ತಿರುಗಲು ಆರಂಭಿಸಿದ ಮೇಲೆ ಅದು ಯಾರ ದಣಿವಿಗೂ ನಿಲ್ಲುವುದಿಲ್ಲ. ಮಕ್ಕಳು ಮೊದಲೂ ದುಡಿಯುತ್ತಿದ್ದರು. ಗಿರಣಿಯಲ್ಲಿ ಅವರ ಹೊತ್ತಿನ ಮೇಲೆ ಅವರಿಗೂ, ಅವರ ಅಪ್ಪ ಅಮ್ಮನಿಗೂ ಇದ್ದ ಹಿಡಿತ ಕೈಬಿಟ್ಟುಹೋಯಿತು. ಈ ಒಂದು ಮಾತನ್ನು ಹಿಡಿದುಕೊಂಡರೆ ಉಳಿದ ಪ್ರಶ್ನೆಗಳಿಗೆ ಉತ್ತರ ಸಿಗುತ್ತಾ ಹೋಗುತ್ತದೆ.

ಒಬ್ಬ ಹುಡುಗಿಯ ದಿನವನ್ನು ನೋಡೋಣ. ಬ್ರಿಟನ್ನಿನ ಪಾರ್ಲಿಮೆಂಟು 1832ರಲ್ಲಿ ಮೈಕಲ್ ಸ್ಯಾಡ್ಲರ್ ಅವರ ಅಧ್ಯಕ್ಷತೆಯ ಸಮಿತಿಯ ಮೂಲಕ ಗಿರಣಿ ಕೆಲಸಗಾರರ ಹೇಳಿಕೆಗಳನ್ನು ದಾಖಲಿಸಿತು. ಲೀಡ್ಸ್ ನಗರದ ಎಲಿಜಬೆತ್ ಬೆಂಟ್ಲಿ ಆಗ 23 ವರ್ಷದ ಯುವತಿ. ಆರನೆಯ ವಯಸ್ಸಿಗೇ ನಾರಗಸೆಯ ನೂಲಿನ ಗಿರಣಿಗೆ ಸೇರಿದವಳು. ಕೆಲಸ ಹೆಚ್ಚಿದ್ದಾಗ ಬೆಳಗಿನ 5ರಿಂದ ರಾತ್ರಿ 9ರವರೆಗೆ, ಉಳಿದ ದಿನಗಳಲ್ಲಿ 6ರಿಂದ ಸಂಜೆ 7ರವರೆಗೆ ದುಡಿತ. ಮಧ್ಯಾಹ್ನ 40 ನಿಮಿಷದ ಬಿಡುವು ಬಿಟ್ಟರೆ ತಿಂಡಿಗೆ ಬೇರೆ ಹೊತ್ತಿರಲಿಲ್ಲ. ಕೆಲಸದ ನಡುವೆಯೇ ಒಂದೆರಡು ತುತ್ತು ಬಾಯಿಗೆ ಹಾಕಿಕೊಳ್ಳಬೇಕು. ತಿನ್ನಲಾಗದೆ ಬಿಟ್ಟದ್ದನ್ನು ಮೇಸ್ತ್ರಿ ತನ್ನ ಹಂದಿಗಳಿಗೆ ಹಾಕುತ್ತಿದ್ದ ಎಂದು ಆಕೆ ಹೇಳಿದ್ದಾಳೆ.

ಆಕೆಯ ಕೆಲಸಕ್ಕೆ ಡಾಫರ್ ಎಂಬ ಹೆಸರಿತ್ತು. ನೂಲುವ ಯಂತ್ರದ ಚೌಕಟ್ಟಿನ ಮೇಲಿನ ಉರುಳೆಗಳು ನೂಲಿನಿಂದ ತುಂಬಿದ ಕೂಡಲೇ ಯಂತ್ರ ನಿಲ್ಲಿಸಿ, ತುಂಬಿದವನ್ನು ತೆಗೆದು, ಖಾಲಿ ಉರುಳೆ ಸಿಕ್ಕಿಸಿ, ಮತ್ತೆ ಚಾಲೂ ಮಾಡಬೇಕು. ನಂತರ ಪಕ್ಕದ ಚೌಕಟ್ಟಿಗೆ ಓಡಬೇಕು. ಯಂತ್ರ ನಿಂತಷ್ಟು ಹೊತ್ತೂ ಮಾಲೀಕನಿಗೆ ನಷ್ಟ, ಹಾಗಾಗಿ ಸ್ವಲ್ಪ ನಿಧಾನವಾದರೂ ಚರ್ಮದ ಪಟ್ಟಿಯ ಏಟು ಬೀಳುತ್ತಿತ್ತು.

ಈ ಹೇಳಿಕೆಯಲ್ಲಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಏಟಿನ ಮಾತಲ್ಲ, ಗಡಿಯಾರದ ಮಾತು. ಎಲಿಜಬೆತ್‌ಳ ಮನೆ ಗಿರಣಿಯಿಂದ ಸುಮಾರು ಎರಡು ಮೈಲಿ ದೂರ. ಮನೆಯಲ್ಲಿ ಗಡಿಯಾರವಿಲ್ಲ. ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದೆಯಾ ಎಂದು ಸಮಿತಿ ಕೇಳಿತು. ಹೌದು ಎಂದು ಆಕೆ ಉತ್ತರಿಸಿದಳು. ತಾಯಿ ನಸುಕಿನ ನಾಲ್ಕಕ್ಕೆ, ಕೆಲವೊಮ್ಮೆ ಎರಡಕ್ಕೇ ಎಚ್ಚರಗೊಳ್ಳುತ್ತಿದ್ದಳು. ಗಣಿಗೆ ಹೊರಟ ಕಾರ್ಮಿಕರ ಸಪ್ಪಳ ಕೇಳಿದರೆ ಹಾಸಿಗೆ ಬಿಟ್ಟು ಬೀದಿಗೆ ಹೋಗಿ ಗಂಟೆ ಎಷ್ಟಾಯಿತೆಂದು ಅವರನ್ನು ಕೇಳಿ ಬರುತ್ತಿದ್ದಳು. ಎಷ್ಟೋ ಸಲ ಲೆಕ್ಕ ತಪ್ಪಿ, ಸುರಿಯುವ ಮಳೆಯಲ್ಲಿ ರಾತ್ರಿ ಎರಡಕ್ಕೇ ಮಗು ಹೊರಟು, ಗಿರಣಿಯ ಬಾಗಿಲು ತೆರೆಯುವ ತನಕ ಕಾಯಬೇಕಾಗುತ್ತಿತ್ತು. ನಿದ್ದೆಗೆಟ್ಟ ಆ ತಾಯಿಯ ಬಗ್ಗೆ ನಿಮ್ಮ ಮಕ್ಕಳಿಗೆ ಹೇಳಿ. ಅಪ್ಪ ಅಮ್ಮ ಹೇಗೆ ಕಳಿಸಿದರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ.

ಸ್ಯಾಡ್ಲರ್ ಸಮಿತಿಯ ಸಾಕ್ಷ್ಯಗಳ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸ್ಯಾಡ್ಲರ್ ಸುಧಾರಣೆಯ ಪರವಾಗಿದ್ದವರು. ಅತ್ಯಂತ ಕಷ್ಟ ಉಂಡವರನ್ನೇ ಆರಿಸಿ ಕರೆಸಿದರು, ಹೇಳಿಕೆಗಳನ್ನು ಪ್ರಮಾಣ ಮಾಡಿಸದೆ ಪಡೆದರು ಎಂದು ಮಾಲೀಕರು ತಕರಾರು ಎತ್ತಿದರು. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಹಾಗಾಗಿ 1833ರಲ್ಲಿ ರಾಜ ಆಯೋಗವೊಂದು ಗಿರಣಿಗಳಿಗೇ ಹೋಗಿ ಮತ್ತೆ ವಿಚಾರಿಸಿತು. ಎಲ್ಲೆಡೆಯೂ ಅಷ್ಟು ಕ್ರೌರ್ಯವಿಲ್ಲ ಎಂದು ಆಯೋಗ ಹೇಳಿತು. ಆದರೆ ಮಕ್ಕಳು ದೊಡ್ಡವರಷ್ಟೇ ಹೊತ್ತು ದುಡಿಯುತ್ತಿದ್ದಾರೆ, ಅದರಿಂದ ಅವರ ದೇಹ ಕೆಡುತ್ತಿದೆ, ಓದಲು ಅವರಿಗೆ ಶಕ್ತಿಯೇ ಉಳಿಯುವುದಿಲ್ಲ ಎಂಬುದನ್ನು ಒಪ್ಪಿಕೊಂಡಿತು. ಮಾಲೀಕರಿಗೆ ಅನುಕೂಲವಾಗಲಿ ಎಂದು ಹುಟ್ಟಿದ ತನಿಖೆಯೂ ಈ ಮಾತನ್ನು ಅಲ್ಲಗಳೆಯಲಾಗಲಿಲ್ಲ.

ಹತ್ತಿ ಗಿರಣಿಗಳಲ್ಲಿ ಅತಿ ಹೆಚ್ಚು ಮಕ್ಕಳು ಇದ್ದದ್ದು ಎಳೆ ಕೂಡಿಸುವ ಕೆಲಸದಲ್ಲಿ. ಮ್ಯೂಲ್ ಎಂಬ ನೂಲುವ ಯಂತ್ರದ ಒಂದು ಭಾಗ ಗಾಲಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ನೂರಾರು ಎಳೆಗಳು ಒಟ್ಟಿಗೇ ಹೊಸೆದುಕೊಳ್ಳುತ್ತವೆ. ಎಲ್ಲೋ ಒಂದು ಎಳೆ ಹರಿದರೆ ಮಗು ಧಾವಿಸಿ, ಯಂತ್ರ ಚಲಿಸುತ್ತಿರುವಾಗಲೇ ಬಾಗಿ, ಎರಡು ತುದಿಗಳನ್ನು ಬೆರಳಲ್ಲಿ ಹೊಸೆದು ಸೇರಿಸಬೇಕು. ಇನ್ನೂ ಚಿಕ್ಕ ಮಕ್ಕಳು ಯಂತ್ರದ ಅಡಿಗೆ ತೆವಳಿ ಉದುರಿದ ಹತ್ತಿ ಗುಡಿಸುತ್ತಿದ್ದರು. ಎಳೆ ಹರಿಯಬಾರದೆಂದು ಒಳಗಿನ ಗಾಳಿಯನ್ನು ಬೆಚ್ಚಗೆ, ತೇವವಾಗಿ ಇಡುತ್ತಿದ್ದರು. ಅದರ ತುಂಬ ಹತ್ತಿಯ ದೂಳು ಹಾರಾಡುತ್ತಿತ್ತು. ಅಲ್ಲಿಂದ ಬೆವರುತ್ತಾ ಹೊರಬಿದ್ದ ಮಗು ಚಳಿಗಾಲದ ರಾತ್ರಿಯಲ್ಲಿ ಮನೆಗೆ ನಡೆಯಬೇಕು.

ಟಾಡ್‌ಮಾರ್ಡನ್ನಿನ ದೊಡ್ಡ ಗಿರಣಿ ಮಾಲೀಕ ಜಾನ್ ಫೀಲ್ಡನ್ ಬಾಲ್ಯದಲ್ಲಿ ತಂದೆಯ ಗಿರಣಿಯಲ್ಲೇ ದುಡಿದವರು. ಮುಂದೆ ಪಾರ್ಲಿಮೆಂಟಿನ ಸದಸ್ಯರಾದರು. ಎಳೆ ಕೂಡಿಸುವ ಮಗು ದಿನಕ್ಕೆ ಎಷ್ಟು ನಡೆಯುತ್ತದೆ ಎಂಬ ಮಾತು ಬಂದಾಗ ತಮ್ಮ ಗಿರಣಿಯಲ್ಲೇ ಅಳೆದು ನೋಡಿ, 12 ಗಂಟೆಯಲ್ಲಿ 20 ಮೈಲಿಗೆ ಕಡಿಮೆಯಿಲ್ಲ ಎಂದು 1836ರಲ್ಲಿ ಬರೆದರು. ಬೇರೆ ಮಾಲೀಕರು ಇದನ್ನು ಒಪ್ಪದೆ ಬಹಳ ಕಡಿಮೆ ಅಂಕಿ ಕೊಟ್ಟರು. ಅವರ ಅಂಕಿಯನ್ನೇ ಒಪ್ಪಿಕೊಂಡರೂ ಹತ್ತು ವರ್ಷದ ಮಗುವಿಗೆ ಅದು ಸಣ್ಣ ನಡಿಗೆಯಲ್ಲ.

ಈಗ ತರಗತಿಯಲ್ಲಿ ಹೇಳಲು ಕಷ್ಟವಾದ ಒಂದು ವಿಷಯ. ಮಕ್ಕಳನ್ನು ಹೊಡೆದವರು ಬಹಳ ಸಲ ಮಾಲೀಕರಲ್ಲ. ಎಳೆ ಕೂಡಿಸುವ ಮಕ್ಕಳನ್ನು ನೇಮಿಸಿಕೊಳ್ಳುತ್ತಿದ್ದವನು ನೂಲುವ ಕೆಲಸಗಾರ. ಅವರ ಕೂಲಿಯನ್ನು ತನ್ನ ಗಳಿಕೆಯಿಂದಲೇ ಕೊಡುತ್ತಿದ್ದ. ಅವನ ಗಳಿಕೆ ನೂಲಿನ ತೂಕದ ಮೇಲೆ ನಿಂತಿತ್ತು. ಎಳೆ ಹರಿದು ಹಾಗೇ ಉಳಿದರೆ ಅವನಿಗೇ ನಷ್ಟ. ಎಷ್ಟೋ ಕಡೆ ಆ ಮಗು ಅವನ ಸ್ವಂತ ಮಗ, ಇಲ್ಲವೇ ತಮ್ಮನ ಮಗಳು. ಸಂಜೆಯ ಹೊತ್ತಿಗೆ ತೂಕಡಿಸುವ ಮಗುವನ್ನು ಎಚ್ಚರಿಸಲು ಅಪ್ಪನೇ ಹೊಡೆಯಬೇಕಾಗುತ್ತಿತ್ತು, ಇಲ್ಲದಿದ್ದರೆ ಬೇರೆಯವನು ಇನ್ನೂ ಜೋರಾಗಿ ಹೊಡೆಯುತ್ತಾನೆ ಎಂಬ ಮಾತುಗಳು ಆ ಕಾಲದ ಹೇಳಿಕೆಗಳಲ್ಲಿ ಇವೆ. ಒಬ್ಬ ಕೆಟ್ಟ ಮಾಲೀಕನನ್ನು ತೋರಿಸಿ ಪಾಠ ಮುಗಿಸಿದರೆ ಇದು ತಪ್ಪಿಹೋಗುತ್ತದೆ. ಕೂಲಿಯನ್ನು ಕಟ್ಟಿದ ರೀತಿಯೇ ಅಪ್ಪನ ಕೈಯಿಂದ ಆ ಕೆಲಸ ಮಾಡಿಸಿತು.

ಇನ್ನು ಊಟ. ಬ್ರೆಡ್ಡು, ಆಲೂಗಡ್ಡೆ, ಓಟ್ಸ್ ಗಂಜಿ, ಓಟ್ಸ್ ರೊಟ್ಟಿ, ನೀರಾದ ಚಹಾ. ವಾರಕ್ಕೊಮ್ಮೆ ಸ್ವಲ್ಪ ಹಂದಿಮಾಂಸ ಸಿಕ್ಕರೆ ಅದೃಷ್ಟ. ಮನೆಗೆ ತಂದ ಮಾಂಸದಲ್ಲಿ ಮೊದಲ ಪಾಲು ಭಾರದ ಕೆಲಸ ಮಾಡುವ ಅಪ್ಪನಿಗೆ. ತಾಯಿ ಮತ್ತು ಚಿಕ್ಕ ಮಕ್ಕಳಿಗೆ ಉಳಿದದ್ದು. ಪೇಟೆಯ ಬ್ರೆಡ್ಡು ಬೆಳ್ಳಗೆ ಕಾಣಲೆಂದು ಹಿಟ್ಟಿಗೆ ಪಟಿಕ ಬೆರೆಸುತ್ತಿದ್ದರು.

ಗಿರಣಿಯವರೇ ಸಾಕುತ್ತಿದ್ದ ಮಕ್ಕಳ ಸಂಗತಿ ಬೇರೆ. ಆರಂಭದ ಗಿರಣಿಗಳು ನದಿಯ ನೀರಿನ ಬಲ ನಂಬಿ ಊರಿಂದ ದೂರದಲ್ಲಿ ಕಟ್ಟಿದವು. ಅಲ್ಲಿ ಕೂಲಿಗೆ ಜನ ಸಿಗುತ್ತಿರಲಿಲ್ಲ. ಲಂಡನ್ ಮುಂತಾದ ಊರುಗಳ ವರ್ಕ್‌ಹೌಸ್‌ಗಳಲ್ಲಿ, ಅಂದರೆ ಗತಿಯಿಲ್ಲದವರನ್ನು ಇರಿಸುವ ಸರಕಾರಿ ಆಶ್ರಯಗಳಲ್ಲಿ, ಅನಾಥ ಮಕ್ಕಳು ತುಂಬಿದ್ದರು. ಅವರನ್ನು ಸಾಕುವ ಖರ್ಚು ತಪ್ಪಿಸಿಕೊಳ್ಳಲು ಸ್ಥಳೀಯ ಆಡಳಿತಗಳು ಗಾಡಿಗಟ್ಟಲೆ ಮಕ್ಕಳನ್ನು ಗಿರಣಿಗಳಿಗೆ ಕಳಿಸಿದವು. ವಯಸ್ಸಿಗೆ ಬರುವವರೆಗೆ ಅವರಿಗೆ ಕೂಲಿಯಿಲ್ಲ. ಊಟ, ಬಟ್ಟೆ, ಹಾಸಿಗೆ ಅಷ್ಟೇ.

ಇಂಥವರಲ್ಲಿ ಒಬ್ಬ ರಾಬರ್ಟ್ ಬ್ಲಿಂಕೋ. 1799ರಲ್ಲಿ, ಸುಮಾರು ಏಳು ವರ್ಷದವನಾಗಿದ್ದಾಗ, ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ವರ್ಕ್‌ಹೌಸಿನಿಂದ ನಾಟಿಂಗ್‌ಹ್ಯಾಮ್ ಬಳಿಯ ಗಿರಣಿಗೆ ಹೋದ. ಅಲ್ಲಿಂದ ಡರ್ಬಿಶೈರಿನ ಲಿಟ್ಟನ್ ಗಿರಣಿಗೆ ಸಾಗಿಸಿದರು. ಗಿರಣಿಯಲ್ಲಿ ಸುಟ್ಟ ಮಾಂಸವನ್ನೂ ಸಿಹಿ ಕಡುಬನ್ನೂ ತಿನ್ನಿಸುತ್ತಾರೆಂದು ಹೋಗುವ ಮುಂಚೆ ಮಕ್ಕಳನ್ನು ನಂಬಿಸಿದ್ದರಂತೆ. ಲಿಟ್ಟನ್‌ನಲ್ಲಿ ಹಂದಿಗಳಿಗೆ ಹಾಕಿದ ಹಿಟ್ಟಿನ ಉಂಡೆಗಳನ್ನು ಕದ್ದು ತಿಂದದ್ದನ್ನು ಅವನು ದೊಡ್ಡವನಾದ ಮೇಲೆ ಹೇಳಿ ಬರೆಸಿದ. ಆ ಕಥನ 1832ರಲ್ಲಿ ಪುಸ್ತಕವಾಯಿತು.

ಮ್ಯಾಂಚೆಸ್ಟರಿನ ಹತ್ತಿರ ಸ್ಟೈಯಲ್‌ನಲ್ಲಿ ಸ್ಯಾಮ್ಯುಯೆಲ್ ಗ್ರೆಗ್ 1784ರಲ್ಲಿ ಕಟ್ಟಿದ ಕ್ವಾರಿ ಬ್ಯಾಂಕ್ ಗಿರಣಿ ಇದಕ್ಕೆ ಹೋಲಿಸಿದರೆ ಒಳ್ಳೆಯ ಜಾಗ. ಅಲ್ಲಿ ಸುಮಾರು 90 ಮಕ್ಕಳಿಗೆಂದು ಪ್ರತ್ಯೇಕ ಮನೆಯಿತ್ತು, ವೈದ್ಯರಿದ್ದರು, ಹಿತ್ತಲ ತೋಟದ ತರಕಾರಿಯಿತ್ತು, ಹಾಲಿನ ಗಂಜಿಯಿತ್ತು. ಆದರೂ 1806ರಲ್ಲಿ ಥಾಮಸ್ ಪ್ರೀಸ್ಟ್ಲಿ ಎಂಬ 13 ವರ್ಷದ ಹುಡುಗ ಗೆಳೆಯ ಜೋಸೆಫ್ ಸೆಫ್ಟನ್ ಜೊತೆ ಓಡಿಹೋದ. ಯಂತ್ರಕ್ಕೆ ಸಿಕ್ಕಿ ಅವನ ಎಡಗೈಯ ಒಂದು ಬೆರಳು ತುಂಡಾಗಿತ್ತು. ಗಾಯ ಮಾಯುವ ದಿನಗಳಲ್ಲಿ ಅಮ್ಮನ ನೆನಪು ಕಾಡಿತು. ಇಬ್ಬರೂ 150 ಮೈಲಿಗೂ ಹೆಚ್ಚು ನಡೆದು ಲಂಡನ್ ಮುಟ್ಟಿದರು. ಅಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಇಬ್ಬರೂ ಕೊಟ್ಟ ಹೇಳಿಕೆ ಉಳಿದಿದೆ. ಊಟ, ಹಾಸಿಗೆ, ಬಟ್ಟೆಯ ಬಗ್ಗೆ ಅವರು ದೊಡ್ಡ ದೂರು ಹೇಳುವುದಿಲ್ಲ. ಹುಡುಗನಿಗೆ ತಾಯಿಯನ್ನು ನೋಡಬೇಕಿತ್ತು. ಒಳ್ಳೆಯ ಮಾಲೀಕನ ಗಿರಣಿಯಲ್ಲೂ ಮಗುವಿಗೆ ಏನು ಇಲ್ಲವಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಗಿರಣಿಗಿಂತ ಕತ್ತಲೆಯ ಜಾಗ ಕಲ್ಲಿದ್ದಲು ಗಣಿ. ಒಳಗಿನ ಗಾಳಿ ಸರಿಯಾದ ದಾರಿಯಲ್ಲಿ ಹರಿಯಲೆಂದು ಸುರಂಗಗಳಲ್ಲಿ ಮರದ ಕದಗಳಿದ್ದವು. ಕಲ್ಲಿದ್ದಲಿನ ಬಂಡಿ ಬಂದಾಗ ಹಗ್ಗ ಎಳೆದು ಕದ ತೆರೆಯಲು, ಹೋದ ಮೇಲೆ ಮುಚ್ಚಲು ಒಂದೊಂದು ಕದಕ್ಕೆ ಒಂದೊಂದು ಮಗು. ಕೆಲಸ ಹಗುರ, ಆದರೆ ದಿನವಿಡೀ ಒಬ್ಬಂಟಿ. ಮೇಣದಬತ್ತಿಯ ಖರ್ಚು ಮನೆಯವರದ್ದೇ ಆದ್ದರಿಂದ ಬಹುಪಾಲು ಹೊತ್ತು ಬೆಳಕೂ ಇಲ್ಲ. ಯಾರ್ಕ್‌ಶೈರಿನ ಗಾಬರ್ ಗಣಿಯ ಎಂಟು ವರ್ಷದ ಸಾರಾ ಗೂಡರ್ ಗಣಿಯ ಮಕ್ಕಳ ಬಗ್ಗೆ ವಿಚಾರಿಸಿದ ಆಯೋಗದ 1842ರ ವರದಿಯಲ್ಲಿ ಹೇಳಿದ ಮಾತು ಹೀಗಿದೆ: "ಅದರಿಂದ ನನಗೆ ದಣಿವಾಗುವುದಿಲ್ಲ. ಆದರೆ ಬೆಳಕಿಲ್ಲದೆ ಕೂರಬೇಕು, ಹೆದರಿಕೆಯಾಗುತ್ತದೆ. ನಾಲ್ಕಕ್ಕೆ, ಕೆಲವು ಸಲ ಮೂರೂವರೆಗೆ ಹೋಗುತ್ತೇನೆ, ಸಂಜೆ ಐದು ಐದೂವರೆಗೆ ಬರುತ್ತೇನೆ. ನಾನು ನಿದ್ದೆ ಮಾಡುವುದೇ ಇಲ್ಲ. ಬೆಳಕಿದ್ದಾಗ ಕೆಲವೊಮ್ಮೆ ಹಾಡುತ್ತೇನೆ, ಕತ್ತಲಲ್ಲಿ ಹಾಡುವುದಿಲ್ಲ. ಆಗ ಹಾಡಲು ಧೈರ್ಯ ಬರುವುದಿಲ್ಲ."

ಆ ಆಯೋಗ ಹುಟ್ಟಲು ಒಂದು ದುರಂತದ ನೋವೂ ಕಾರಣ. 1838ರ ಜುಲೈ 4ರಂದು ಬಾರ್ನ್‌ಸ್ಲಿ ಬಳಿಯ ಸಿಲ್ಕ್‌ಸ್ಟೋನ್‌ನಲ್ಲಿ ಹಸ್ಕರ್ ಗಣಿಗೆ ಬಿರುಮಳೆಯ ನೀರು ನುಗ್ಗಿ 26 ಮಕ್ಕಳು ಸತ್ತರು. ಅವರಲ್ಲಿ ಅತಿ ಚಿಕ್ಕವರಿಗೆ ಏಳು ವರ್ಷ. 1842ರ ವರದಿಯಲ್ಲಿ, ಸೊಂಟಕ್ಕೆ ಸರಪಳಿ ಕಟ್ಟಿಕೊಂಡು ನಾಲ್ಕು ಕಾಲಲ್ಲಿ ಬಂಡಿ ಎಳೆಯುವ ಮಕ್ಕಳ ಚಿತ್ರಗಳೂ ಅಚ್ಚಾದವು. ವರದಿ ಓದದವರೂ ಚಿತ್ರ ನೋಡಿದರು. ಅದೇ ವರ್ಷ ಕಾಯ್ದೆ ಬಂತು: ಹೆಂಗಸರು, ಹುಡುಗಿಯರು, ಹತ್ತು ವರ್ಷದೊಳಗಿನ ಹುಡುಗರು ಗಣಿಯೊಳಗೆ ದುಡಿಯುವಂತಿಲ್ಲ.

ಮನೆಯಲ್ಲೇ ಉಳಿದ ಮಕ್ಕಳ ಬಗ್ಗೆ ಪುಸ್ತಕಗಳು ಹೆಚ್ಚು ಹೇಳುವುದಿಲ್ಲ. ತಾಯಿ ಗಿರಣಿಗೆ ಹೋದರೆ ಏಳೆಂಟು ವರ್ಷದ ಅಕ್ಕ ಕೂಸನ್ನು ನೋಡಿಕೊಳ್ಳಬೇಕು. ಹಸಿದ ಕೂಸು ಅತ್ತರೆ ಅಂಗಡಿಯಲ್ಲಿ ಕೆಲವೇ ಪೆನ್ನಿಗಳಿಗೆ ಸಿಗುತ್ತಿದ್ದ ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಪಾನಕವನ್ನು ಚಮಚದಲ್ಲಿ ಕುಡಿಸಿ ಮಲಗಿಸುತ್ತಿದ್ದರು. ಅದರಲ್ಲಿ ಅಫೀಮು ಇತ್ತು. ಎಷ್ಟೋ ಕೂಸುಗಳು ಹಸಿವೇ ತಿಳಿಯದೆ ಬಡಕಲಾಗಿ ಸತ್ತವು. ಗಿರಣಿ ಊರುಗಳ ಮನೆಗಳೂ ಇಕ್ಕಟ್ಟು; ನೆಲಮಾಳಿಗೆಯ ಒಂದೇ ಕೋಣೆಯಲ್ಲಿ ಒಂದು ಸಂಸಾರ, ಬೀದಿಗೆಲ್ಲ ಒಂದೆರಡು ಶೌಚಾಲಯ. ದುಡಿಯುವವರ ಆರೋಗ್ಯದ ಬಗ್ಗೆ ಎಡ್ವಿನ್ ಚಾಡ್ವಿಕ್ 1842ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮ್ಯಾಂಚೆಸ್ಟರಿನ ಕೂಲಿಕಾರರ ಕುಟುಂಬಗಳಲ್ಲಿ ಸಾಯುವವರ ಸರಾಸರಿ ವಯಸ್ಸು 17, ಹಳ್ಳಿಗಾಡಾದ ರಟ್ಲಂಡಿನಲ್ಲಿ 38. ಎಲ್ಲರೂ ಹದಿನೇಳಕ್ಕೆ ಸಾಯುತ್ತಿದ್ದರು ಎಂದು ಮಕ್ಕಳು ತಿಳಿಯದಂತೆ ನೋಡಿಕೊಳ್ಳಿ. ಕೂಸುಗಳು ಅಷ್ಟೊಂದು ಸಂಖ್ಯೆಯಲ್ಲಿ ಸಾಯುತ್ತಿದ್ದುದರಿಂದ ಸರಾಸರಿ ಹಾಗೆ ಕುಸಿದಿತ್ತು.

ಆಟ ಇರಲಿಲ್ಲವೇ? ಇತ್ತು. ಗೋಲಿ, ಬುಗುರಿ, ಕುಂಟೆಬಿಲ್ಲೆ, ಹಗ್ಗ ಹಾರುವುದು, ಹಳೆಯ ಪೀಪಾಯಿಯ ಬಳೆಯನ್ನು ಕೋಲಿನಿಂದ ಉರುಳಿಸುವುದು, ಚಿಂದಿ ಸುತ್ತಿದ ಗೊಂಬೆ. ನಿಮ್ಮ ಮಕ್ಕಳಿಗೆ ಇವುಗಳಲ್ಲಿ ಹೆಚ್ಚಿನವು ಪರಿಚಿತ. ಹೊತ್ತು ಮಾತ್ರ ಸಾಲದು. ವಾರದ ದಿನ ಮನೆಗೆ ಬರುವಷ್ಟರಲ್ಲಿ ಊಟದ ತಟ್ಟೆಯ ಮುಂದೆಯೇ ನಿದ್ದೆ. ಬಿಡುವಿನ ದಿನ ಭಾನುವಾರ. ಅಂದು ಎಷ್ಟೋ ಮಕ್ಕಳು ಭಾನುವಾರದ ಶಾಲೆಗೆ ಹೋಗುತ್ತಿದ್ದರು. ಗ್ಲಾಸ್ಟರಿನ ಪತ್ರಿಕೆಯ ಒಡೆಯ ರಾಬರ್ಟ್ ರೇಕ್ಸ್ 1780ರಲ್ಲಿ ಬಡ ಮಕ್ಕಳಿಗಾಗಿ ಇಂಥ ಶಾಲೆ ಆರಂಭಿಸಿದ ಮೇಲೆ ಅವು ದೇಶವಿಡೀ ಹಬ್ಬಿದವು. ಬೈಬಲ್ ಓದಲು ಕಲಿಸುತ್ತಿದ್ದರು. ಬರೆಯುವುದು ಮಾತ್ರ ಲೌಕಿಕ ಕೆಲಸ, ದೇವರ ದಿನ ಅದು ಸಲ್ಲದು ಎಂದು ಹಲವು ಕಡೆ ಕಲಿಸುತ್ತಿರಲಿಲ್ಲ. ಅದರಿಂದಾಗಿ ಓದಬಲ್ಲ ಎಷ್ಟೋ ಕೆಲಸಗಾರರಿಗೆ ತಮ್ಮ ಹೆಸರು ಬರೆಯಲು ಬರುತ್ತಿರಲಿಲ್ಲ.

ಕಾನೂನಿನ ಕಥೆಯನ್ನು ಇಸವಿಗಳ ಪಟ್ಟಿಯಾಗಿ ಹೇಳಿದರೆ ಮಕ್ಕಳಿಗೆ ಬೇಸರವಾದೀತು. ಕಾನೂನಿಗೆ ಎದುರಾದ ಎರಡು ಅಡ್ಡಿಗಳನ್ನು ಹೇಳಿ, ಕಥೆಗೆ ಜೀವ ಬರುತ್ತದೆ.

ಮೊದಲನೆಯದು ವಯಸ್ಸು. 1833ರ ಕಾಯ್ದೆ ನೂಲು ಮತ್ತು ಬಟ್ಟೆಯ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನವರನ್ನು ನಿಷೇಧಿಸಿತು. ರೇಷ್ಮೆ ಗಿರಣಿಗೆ ಮಾತ್ರ ವಿನಾಯಿತಿ. 9ರಿಂದ 13 ವರ್ಷದವರಿಗೆ ವಾರಕ್ಕೆ 48 ಗಂಟೆಯ ಮಿತಿ, ದಿನಕ್ಕೆ ಎರಡು ಗಂಟೆ ಪಾಠ. ಜಾರಿಗೆ ತರಲು ಇಡೀ ದೇಶಕ್ಕೆ ನಾಲ್ವರು ಇನ್‌ಸ್ಪೆಕ್ಟರುಗಳು. ಆದರೆ ಮಗುವಿಗೆ ಒಂಬತ್ತು ತುಂಬಿದೆ ಎಂದು ತಿಳಿಯುವುದು ಹೇಗೆ? ಇಂಗ್ಲೆಂಡಿನಲ್ಲಿ ಜನನ ನೋಂದಣಿ ಆರಂಭವಾದದ್ದೇ 1837ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರಿಗೆ ಚರ್ಚಿನಲ್ಲಿ ದೀಕ್ಷಾಸ್ನಾನದ ದಾಖಲೆ ಇದ್ದರೆ ಇತ್ತು. ಸರ್ಜನ್ ಒಬ್ಬರು ಮಗುವನ್ನು ನೋಡಿ, ಒಂಬತ್ತು ವರ್ಷದವರಿಗೆ ಸಾಮಾನ್ಯವಾಗಿ ಇರುವ ಮೈಕಟ್ಟು ಇದೆ ಎಂದು ಬರೆದುಕೊಟ್ಟರೆ ಸಾಕು. ಅಪ್ಪ ಅಮ್ಮ ಅಣ್ಣನನ್ನು ತೋರಿಸಿ ತಮ್ಮನ ಹೆಸರಿನಲ್ಲಿ ಚೀಟಿ ಪಡೆದದ್ದೂ ಉಂಟು. ಎತ್ತರ ಅಳೆದು ವಯಸ್ಸು ಹೇಳಲು ನೋಡಿದರು; ಗಿರಣಿ ಮಕ್ಕಳು ಕುಳ್ಳರಾಗಿದ್ದರು. ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯರು 1837ರಲ್ಲಿ ನೂರಾರು ಮಕ್ಕಳ ಬಾಯಿ ಪರೀಕ್ಷಿಸಿ, ಎತ್ತರಕ್ಕಿಂತ ಹಲ್ಲು ಹೆಚ್ಚು ನಂಬಿಕೆಗೆ ಅರ್ಹ ಎಂದು ತೋರಿಸಿ ಪಾರ್ಲಿಮೆಂಟಿಗೆ ಒಪ್ಪಿಸಿದರು. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಬಾಯಿ ತೆರೆಸಿ ನೋಡುವಂತೆ ಮಗುವಿನ ಬಾಯಿ ತೆರೆಸಿ, ಎರಡನೆಯ ದವಡೆ ಹಲ್ಲು ಬಂದಿದೆಯೇ ಎಂದು ನೋಡಿ ವಯಸ್ಸು ನಿರ್ಧರಿಸುವ ಕಾಲವದು. ನಮ್ಮ ಮಕ್ಕಳ ಶಾಲಾ ದಾಖಲೆಯ ಜನ್ಮದಿನಾಂಕಕ್ಕೆ ಎಷ್ಟು ಬೆಲೆಯಿದೆ ಎಂಬುದು ಇದನ್ನು ಓದಿದಾಗ ತಿಳಿಯುತ್ತದೆ.

ಎರಡನೆಯದು ಮತ್ತೆ ಗಡಿಯಾರ. ದುಡಿಮೆಯ ಗಂಟೆಗೆ ಮಿತಿ ಹಾಕಿದರೂ ಗಂಟೆ ತೋರಿಸುವುದು ಮಾಲೀಕನ ಗಡಿಯಾರ. ಬೆಳಿಗ್ಗೆ ಮುಳ್ಳನ್ನು ಮುಂದಕ್ಕೆ, ಸಂಜೆ ಹಿಂದಕ್ಕೆ ತಿರುಗಿಸುತ್ತಿದ್ದರೆಂದು ಕೆಲಸಗಾರರು ದೂರಿದರು. ಅದಕ್ಕೇ 1844ರ ಕಾಯ್ದೆ, ಕೆಲಸದ ಹೊತ್ತನ್ನು ಇನ್‌ಸ್ಪೆಕ್ಟರ್ ಒಪ್ಪಿದ ಸಾರ್ವಜನಿಕ ಗಡಿಯಾರದಿಂದಲೇ ಲೆಕ್ಕ ಹಾಕಬೇಕೆಂದು ವಿಧಿಸಿತು. ಗಿರಣಿಯ ಹೊತ್ತು ಮಾಲೀಕನ ಜೇಬಿನಿಂದ ಊರಿನ ಗೋಪುರಕ್ಕೆ ಬಂತು. ನನ್ನ ದೃಷ್ಟಿಯಲ್ಲಿ ಇದು ಆ ಶತಮಾನದ ದೊಡ್ಡ ಗೆಲುವುಗಳಲ್ಲಿ ಒಂದು.

ಅದೇ ಕಾಯ್ದೆ ಅರ್ಧದಿನದ ಪದ್ಧತಿಯನ್ನೂ ತಂದಿತು: ಅರ್ಧ ದಿನ ಗಿರಣಿ, ಅರ್ಧ ದಿನ ಶಾಲೆ. ಬದಲಿಗೆ ಸೇರುವ ವಯಸ್ಸು ಒಂಬತ್ತರಿಂದ ಎಂಟಕ್ಕೆ ಇಳಿಯಿತು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬರುವ ಮಕ್ಕಳು ಬೆಂಚಿನ ಮೇಲೆ ನಿದ್ದೆ ಹೋಗುತ್ತಿದ್ದರು. ಮನಸ್ಸುಳ್ಳ ಶಿಕ್ಷಕರು ಎಬ್ಬಿಸುತ್ತಿರಲಿಲ್ಲ. 1870ರ ಶಿಕ್ಷಣ ಕಾಯ್ದೆ ಊರೂರಲ್ಲಿ ಶಾಲೆ ಕಟ್ಟಿಸಿತು, 1880ರಲ್ಲಿ ಹತ್ತು ವರ್ಷದವರೆಗೆ ಹಾಜರಿ ಕಡ್ಡಾಯವಾಯಿತು, 1891ರಿಂದ ಬಹುತೇಕ ಶಾಲೆಗಳಲ್ಲಿ ಶುಲ್ಕ ಹೋಯಿತು. ಅರ್ಧದಿನದ ಪದ್ಧತಿ ಪೂರ್ತಿ ನಿಂತದ್ದು 1921ರಲ್ಲಿ.

ಅಪ್ಪ ಅಮ್ಮ ಹೇಗೆ ಕಳಿಸಿದರು ಎಂಬುದರ ಉಳಿದರ್ಧ ಉತ್ತರ ಮನೆಯ ಲೆಕ್ಕದಲ್ಲಿದೆ. ಯಂತ್ರದ ಮಗ್ಗ ಬಂದ ಮೇಲೆ ಕೈಮಗ್ಗದವರ ಗಳಿಕೆ ಕುಸಿದುಬಿತ್ತು. ದೊಡ್ಡವರಿಗೆ ಕೆಲಸವಿಲ್ಲದ ಮನೆಯಲ್ಲಿ ಮಗುವಿಗೆ ಕೆಲಸ ಸಿಗುತ್ತಿತ್ತು. ಅಪ್ಪ ಸತ್ತ, ಸೈನ್ಯಕ್ಕೆ ಹೋದ, ಬಿಟ್ಟುಹೋದ ಮನೆಗಳ ಮಕ್ಕಳು ಎಲ್ಲರಿಗಿಂತ ಮೊದಲು ದುಡಿಮೆಗೆ ಇಳಿದರು ಎಂಬುದು ಆ ಕಾಲದ ಕಾರ್ಮಿಕರ ನೆನಪುಗಳಿಂದ ಸ್ಪಷ್ಟವಾಗುತ್ತದೆ. ಮೊದಲ ವಾರದ ಕೂಲಿಯನ್ನು ಅಮ್ಮನ ಕೈಗಿಟ್ಟ ಹೆಮ್ಮೆಯನ್ನು ನೆನೆದವರೂ ಇದ್ದಾರೆ. ಆ ಹೆಮ್ಮೆಯನ್ನು ನಾವು ಸುಳ್ಳೆನ್ನಬಾರದು.

ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ಆ ಕಾಲದ ಮಕ್ಕಳೆಲ್ಲ ಗಿರಣಿಯಲ್ಲಿ ಇರಲಿಲ್ಲ. 1851ರ ಜನಗಣತಿಯಲ್ಲಿ 10ರಿಂದ 14 ವರ್ಷದ ಹುಡುಗರಲ್ಲಿ ಸುಮಾರು 37 ಶೇಕಡ, ಹುಡುಗಿಯರಲ್ಲಿ ಸುಮಾರು 20 ಶೇಕಡ ದುಡಿಯುವವರೆಂದು ದಾಖಲಾಗಿದ್ದಾರೆ. ಅವರಲ್ಲೂ ಬಹಳ ಹುಡುಗರು ಹೊಲಗಳಲ್ಲಿ, ಬಹಳ ಹುಡುಗಿಯರು ಸಿರಿವಂತರ ಮನೆಗೆಲಸದಲ್ಲಿ ಇದ್ದರು. ಮನೆಯೊಳಗೆ ಕೂಸು ಎತ್ತಿಕೊಂಡ ಅಕ್ಕಂದಿರನ್ನು ಯಾರೂ ಎಣಿಸಲಿಲ್ಲ. ಗಿರಣಿ ಎಲ್ಲರ ಕಣ್ಣಿಗೆ ಬಿದ್ದದ್ದು ನೂರಾರು ಮಕ್ಕಳು ಒಂದೇ ಸೂರಿನಡಿ ಇದ್ದುದರಿಂದ. ಇನ್‌ಸ್ಪೆಕ್ಟರ್ ಒಂದು ಬಾಗಿಲು ತಟ್ಟಿ ಎಲ್ಲರನ್ನೂ ನೋಡಬಹುದಿತ್ತು. ಚಿಮಣಿಯೊಳಗೆ ಏರಿ ಮಸಿ ಗುಡಿಸುವ ಹುಡುಗರು ಹಾಗೆ ಕಾಣಲಿಲ್ಲ. ಅವರ ಹೆಸರಿನಲ್ಲಿ ಕಾಯ್ದೆಯ ಮೇಲೆ ಕಾಯ್ದೆ ಬಂದರೂ, ಕೇಂಬ್ರಿಜ್ ಬಳಿಯ ಆಸ್ಪತ್ರೆಯೊಂದರ ಚಿಮಣಿಯಲ್ಲಿ ಸಿಕ್ಕಿಕೊಂಡ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಸತ್ತ ಮೇಲೆ, 1875ರಲ್ಲಷ್ಟೇ ಆ ಕೆಲಸಕ್ಕೆ ನಿಜವಾದ ತಡೆ ಬಿತ್ತು.

ಕೊನೆಯದಾಗಿ, ನಿಮ್ಮ ನೆಲಕ್ಕೂ ಇದಕ್ಕೂ ನಂಟಿದೆ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಹತ್ತಿ ಗಿರಣಿಗಳ ಸೀಮೆಯಾದ ಲ್ಯಾಂಕಶೈರಿನ ಗಿರಣಿಗಳು ಭಾರತದ ಹತ್ತಿಗೆ ತಿರುಗಿದವು. ಅದನ್ನೆಲ್ಲ ಅವರು ಸೂರತ್ ಎಂದೇ ಕರೆಯುತ್ತಿದ್ದರು. ಅದರ ನಾರು ಗಿಡ್ಡ, ಕಸ ಹೆಚ್ಚು. ನೂಲುವಾಗ ಮತ್ತೆ ಮತ್ತೆ ಹರಿಯುತ್ತಿತ್ತು. ಹರಿದದ್ದನ್ನು ಕೂಡಿಸಬೇಕಾದವರು ಮಕ್ಕಳೇ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದ ಬೆಳೆಸಿದ್ದ ಅಮೆರಿಕನ್ ತಳಿಯ ಹತ್ತಿಯ ನಾರು ಉದ್ದವಿದ್ದುದರಿಂದ ಅದಕ್ಕೆ ಒಳ್ಳೆಯ ಬೇಡಿಕೆ ಬಂತು. ಇಂದಿನ ಹಾವೇರಿ ಜಿಲ್ಲೆ ಆಗ ಧಾರವಾಡದ್ದೇ ಭಾಗ. ಗಿರಣಿ ಮುಚ್ಚಿದ ಲ್ಯಾಂಕಶೈರಿನ ಊರುಗಳಲ್ಲಿ, ಪರಿಹಾರ ಪಡೆಯಬೇಕಾದರೆ ತರಗತಿಗೆ ಬರಬೇಕು ಎಂಬ ನಿಯಮದಿಂದ ಎಷ್ಟೋ ಹುಡುಗರು ಅಕ್ಷರ ಕಲಿತರು, ಹುಡುಗಿಯರು ಹೊಲಿಗೆ ಕಲಿತರು.

ಗಿರಣಿಗಳೂ ಇಲ್ಲಿಗೆ ಬಂದವು. ಮುಂಬೈಯ ಗಿರಣಿಗಳಲ್ಲಿ ಮಕ್ಕಳು ದುಡಿಯುತ್ತಿದ್ದರು. ಅವರಿಗಾಗಿ 1881ರಲ್ಲಿ ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂತು. ಏಳು ವರ್ಷದೊಳಗಿನವರಿಗೆ ನಿಷೇಧ, 7ರಿಂದ 12 ವರ್ಷದವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ. ಇದಕ್ಕೆ ಒತ್ತಾಯ ತಂದವರಲ್ಲಿ ಮಕ್ಕಳ ಹಿತ ಬಯಸಿದವರೂ ಇದ್ದರು, ಮುಂಬೈಯ ಪೈಪೋಟಿಗೆ ಹೆದರಿದ ಲ್ಯಾಂಕಶೈರಿನ ಮಾಲೀಕರೂ ಇದ್ದರು. ಘಟಪ್ರಭೆಯ ನೀರಿನ ಬಲದಿಂದ ಅದೇ ದಶಕದಲ್ಲಿ ಆರಂಭವಾದ ಗೋಕಾಕದ ಗಿರಣಿಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಜನನ ದಾಖಲೆ ಇಲ್ಲದ ಇಲ್ಲಿಯ ಮಕ್ಕಳನ್ನೂ ಸರ್ಜನ್ ನೋಡಿ ವಯಸ್ಸಿನ ಚೀಟಿ ಬರೆಯಬೇಕಿತ್ತು, ಇಲ್ಲಿಯೂ ವಯಸ್ಸಿನ ಸುಳ್ಳು ನಡೆಯಿತು. 1891ರಲ್ಲಿ ಕನಿಷ್ಠ ವಯಸ್ಸು ಒಂಬತ್ತಾಯಿತು, ಮಿತಿ ಏಳು ಗಂಟೆಗೆ ಇಳಿಯಿತು. ಲ್ಯಾಂಕಶೈರಿನ ಕೊನೆಯ ಅರ್ಧದಿನದ ಮಕ್ಕಳು ಗಿರಣಿ ಬಿಟ್ಟು ಪೂರ್ತಿ ಶಾಲೆಗೆ ಹೋದ ಮರುವರ್ಷ, 1922ರಲ್ಲಿ, ಭಾರತದ ಕಾಯ್ದೆ ಆ ವಯಸ್ಸನ್ನು 12ಕ್ಕೆ ಏರಿಸಿ ದಿನದ ದುಡಿಮೆಯನ್ನು ಆರು ಗಂಟೆಗೆ ನಿಲ್ಲಿಸಿತು.